54ನೇ ಮ್ಯಾಸಚೂಸೆಟ್ಸ್ ರೆಜಿಮೆಂಟ್ ಸಂಬಳವನ್ನು ನಿರಾಕರಿಸಿದ್ದು ಸರಿಯೇ?

ಮಲೆನಾಡಿನ ಓದುಗ

ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಬೇರೆಯಾದ ದಕ್ಷಿಣದ ರಾಜ್ಯಗಳಿಗೂ ಉತ್ತರದ ಪರವಾದ ಕೇಂದ್ರ ಸರ್ಕಾರಕ್ಕೂ ನಡೆದ ಅಮೆರಿಕದ ಅಂತರ್ಯುದ್ಧದ ಬಗ್ಗೆ ಕೆಲವು ತಿಂಗಳಿಂದ ಓದುತ್ತಿದ್ದೇನೆ. ಉತ್ತರದ ಪರವಾಗಿ ಹೋರಾಡಿದ ಕಪ್ಪು ಸೈನಿಕರ 54ನೇ ಮ್ಯಾಸಚೂಸೆಟ್ಸ್ ಸ್ವಯಂಸೇವಕ ಕಾಲಾಳು ರೆಜಿಮೆಂಟಿನ ಹೆಸರು ಬಂದಲ್ಲೆಲ್ಲ 1863ರ ಜುಲೈ 18ರ ಸಂಜೆ ಅದು ದಕ್ಷಿಣ ಕೆರೊಲಿನಾದ ವ್ಯಾಗ್ನರ್ ಕೋಟೆಯ ಮೇಲೆ ನಡೆಸಿದ ದಾಳಿಯ ವರ್ಣನೆ ಸಿಗುತ್ತದೆ, ಅದರ ಬಿಳಿಯ ಕರ್ನಲ್ ರಾಬರ್ಟ್ ಗೂಲ್ಡ್ ಶಾ ಕೋಟೆಯ ದಿಬ್ಬದ ಮೇಲೆ ಗುಂಡು ತಗಲಿ ಸತ್ತದ್ದೂ ಸಿಗುತ್ತದೆ. ನನ್ನನ್ನು ಕಾಡುತ್ತಿರುವುದು ಬೇರೆಯೇ ಸಂಗತಿ. ತಿಂಗಳಿಗೆ 13 ಡಾಲರ್ ಎಂದು ಹೇಳಿ ಸೇರಿಸಿಕೊಂಡ ಸರ್ಕಾರ ಕೊನೆಗೆ 7 ಡಾಲರ್ ಕೈಗಿಡಲು ಬಂದಾಗ ಆ ಕಪ್ಪು ಸೈನಿಕರು ಹಣವನ್ನು ಮುಟ್ಟಲಿಲ್ಲ. ಇಷ್ಟು ನನಗೆ ಅರ್ಥವಾಗುತ್ತದೆ. ಆದರೆ 1863ರ ನವೆಂಬರಿನಲ್ಲಿ ಮ್ಯಾಸಚೂಸೆಟ್ಸ್ ರಾಜ್ಯವೇ ಕಾನೂನು ಮಾಡಿ, ಕೊರತೆಯಾದ ಹಣವನ್ನು ತನ್ನ ಬೊಕ್ಕಸದಿಂದ ತುಂಬಿಕೊಡುತ್ತೇನೆಂದು ಮುಂದೆ ಬಂದಾಗಲೂ ಅವರು ಬೇಡವೆಂದರು. ಸುಮಾರು 18 ತಿಂಗಳು ಹೀಗೆಯೇ ಕಳೆಯಿತು. ಮನೆಯಲ್ಲಿ ಹೆಂಡತಿ ಮಕ್ಕಳು ಕಷ್ಟದಲ್ಲಿರುವಾಗ ಪೂರ್ತಿ 13 ಡಾಲರ್ ಬರುವ ದಾರಿಯನ್ನೂ ಮುಚ್ಚಿದ್ದು ಸರಿಯೇ? ತಿಳಿದವರು ದಯವಿಟ್ಟು ಬರೆಯಿರಿ.

ಶಾಸನಪ್ರೇಮಿ

ಒಳ್ಳೆಯ ಪ್ರಶ್ನೆ. ಉತ್ತರಕ್ಕೆ ಮೊದಲು ಆ ಕಾಲದ ಸ್ವಯಂಸೇವಕ ರೆಜಿಮೆಂಟುಗಳ ವ್ಯವಸ್ಥೆ ಗೊತ್ತಿರಬೇಕು. ಯುದ್ಧ ಶುರುವಾದಾಗ ಅಮೆರಿಕದ ಕಾಯಂ ಸೇನೆಯಲ್ಲಿದ್ದವರು ಸುಮಾರು 16,000 ಜನ ಮಾತ್ರ. ಉಳಿದ ಲಕ್ಷಾಂತರ ಸೈನಿಕರನ್ನು ಒದಗಿಸಿದ್ದು ರಾಜ್ಯಗಳು. ಒಂದೊಂದು ರಾಜ್ಯವೂ ಸುಮಾರು ಸಾವಿರ ಜನರ, ಹತ್ತು ಕಂಪನಿಗಳ ರೆಜಿಮೆಂಟುಗಳನ್ನು ಕಟ್ಟುತ್ತಿತ್ತು. ಅಧಿಕಾರಿಗಳನ್ನು ನೇಮಿಸುತ್ತಿದ್ದವರು ಗವರ್ನರ್. ಆದರೆ ಪಡೆಯನ್ನು ಕೇಂದ್ರದ ಸೇವೆಗೆ ಒಪ್ಪಿಸಿದ ಮೇಲೆ ಸಂಬಳ ಕೊಡಬೇಕಾದದ್ದು ವಾಷಿಂಗ್ಟನ್.

ತೊಡಕು ಹುಟ್ಟಿದ್ದು ಇಲ್ಲಿಯೇ. 1863ರ ಜನವರಿ 26ರಂದು ಯುದ್ಧ ಕಾರ್ಯದರ್ಶಿ ಎಡ್ವಿನ್ ಸ್ಟ್ಯಾಂಟನ್ ಅವರ ಅನುಮತಿ ಪಡೆದ ಗವರ್ನರ್ ಜಾನ್ ಆಂಡ್ರ್ಯೂ, ಬೇರೆ ಸೈನಿಕರಿಗೆ ಸಿಗುವಷ್ಟೇ ಸಂಬಳ ಸಿಗುತ್ತದೆಂದು ಭರವಸೆ ಕೊಟ್ಟು ಜನರನ್ನು ಸೇರಿಸಿಕೊಂಡರು. ಆದರೆ 1862ರ ಜುಲೈ 17ರ ಮಿಲಿಷಿಯಾ ಕಾಯ್ದೆಯಲ್ಲಿ ಕಪ್ಪು ಜನರಿಗೆ ತಿಂಗಳಿಗೆ 10 ಡಾಲರ್, ಅದರಲ್ಲಿ 3 ಡಾಲರ್ ಬಟ್ಟೆಯ ಲೆಕ್ಕಕ್ಕೆ, ಎಂದು ಬರೆದಿತ್ತು. ಕಂದಕ ತೋಡುವ, ಸಾಮಾನು ಹೊರುವ ಕೆಲಸಗಾರರನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಕಾನೂನು ಅದು. 1863ರ ಜೂನ್‌ನಲ್ಲಿ ಯುದ್ಧ ಇಲಾಖೆಯು ಅದೇ ಕಾನೂನನ್ನು ಬಂದೂಕು ಹಿಡಿದ ಸೈನಿಕರಿಗೂ ಅನ್ವಯಿಸಿತು. ಬಿಳಿಯ ಸಿಪಾಯಿಗೆ 13 ಡಾಲರ್ ಸಿಗುತ್ತಿತ್ತು, ಬಟ್ಟೆಯ ಭತ್ಯೆ ಬೇರೆ. ಕಪ್ಪು ಸಾರ್ಜೆಂಟನಿಗೂ ಸಿಗುತ್ತಿದ್ದದ್ದು ಅದೇ 7 ಡಾಲರ್.

ರಾಜ್ಯವು ಕೊರತೆ ತುಂಬಿಕೊಟ್ಟರೆ ಜೇಬಿಗೆ 13 ಡಾಲರ್ ಬರುತ್ತಿತ್ತು ನಿಜ. ಆದರೆ ರಾಷ್ಟ್ರದ ದಾಖಲೆಯಲ್ಲಿ ಅವರು 7 ಡಾಲರಿನ ಕೂಲಿಗಳಾಗಿಯೇ ಉಳಿಯುತ್ತಿದ್ದರು. ಅವರು ನಿರಾಕರಿಸಿದ್ದು ಆ ದರ್ಜೆಯನ್ನು.

ಕೃಷ್ಣಾತೀರ

ತತ್ವ ಚೆನ್ನಾಗಿದೆ, ಆದರೆ ತತ್ವದಿಂದ ಹೊಟ್ಟೆ ತುಂಬುವುದಿಲ್ಲ. ಕೆಲವು ಸೈನಿಕರ ಕುಟುಂಬಗಳು ಬಡವರ ಆಶ್ರಯಧಾಮ ಸೇರಿದವೆಂದು ಗವರ್ನರರೇ ಬರೆದಿದ್ದಾರೆ. ಹಣವನ್ನು ಪಡೆದುಕೊಂಡು, ಪ್ರತಿಭಟನೆಯನ್ನು ಬರವಣಿಗೆಯಲ್ಲಿ ದಾಖಲಿಸಿ, ಹೋರಾಟವನ್ನು ಮುಂದುವರಿಸಬಹುದಿತ್ತು. ಗಂಡಸರು ದೂರದ ಶಿಬಿರದಲ್ಲಿ ಕುಳಿತು ಮಾಡಿದ ತೀರ್ಮಾನದ ಬೆಲೆಯನ್ನು ತೆತ್ತವರು ಮನೆಯಲ್ಲಿದ್ದ ಹೆಂಗಸರು.

ದಾವಣಗೆರೆಯ ಮಗಳು

ಕೃಷ್ಣಾತೀರ ಅವರೇ, ಹೆಂಗಸರ ಹೆಸರಿನಲ್ಲಿ ನೀವೇ ತೀರ್ಪು ಕೊಡಬೇಡಿ. ನಮ್ಮ ತಂದೆ ಹತ್ತಿ ಗಿರಣಿಯೊಂದರಲ್ಲಿ ಕೆಲಸ ಮಾಡುತ್ತಿದ್ದಾಗ, ಮುಷ್ಕರದ ನಡುವೆ ಆಡಳಿತದವರು ಅರ್ಧ ಸಂಬಳ ಕೊಡುತ್ತೇವೆಂದು ಕರೆದರು. ಹೋಗಬೇಡಿ ಎಂದು ಮೊದಲು ಹೇಳಿದವರು ನಮ್ಮ ಅಮ್ಮ. ಅರ್ಧಕ್ಕೆ ಒಮ್ಮೆ ಸಹಿ ಹಾಕಿದರೆ ಮುಂದೆ ಅದೇ ಪೂರ್ತಿಯಾಗುತ್ತದೆ ಎಂಬುದು ಅವರ ಮಾತು. ಮನೆಯಲ್ಲಿ ಕಷ್ಟವಿರಲಿಲ್ಲವೆಂದು ನಾನು ಹೇಳುತ್ತಿಲ್ಲ, ಬಹಳವೇ ಇತ್ತು. ಆದರೆ ಆ ನಿರ್ಧಾರ ಗಂಡಸರದ್ದು ಮಾತ್ರ ಆಗಿರಲಿಲ್ಲ. 54ನೆಯ ರೆಜಿಮೆಂಟಿನ ಮನೆಗಳಲ್ಲಿಯೂ ಎಲ್ಲ ಹೆಂಗಸರೂ ಒಂದೇ ಮಾತು ಆಡಿದ್ದಾರೆಂದು ನಾವು ಯಾಕೆ ಊಹಿಸಬೇಕು?

ನಿವೃತ್ತ ಸುಬೇದಾರ್

ಸೈನ್ಯದಲ್ಲಿ ಇದ್ದವನಾಗಿ ಒಂದು ವಿಷಯವನ್ನು ಒತ್ತಿ ಹೇಳಬಯಸುತ್ತೇನೆ. ಈ ರೆಜಿಮೆಂಟ್ ಸಂಬಳವನ್ನು ನಿರಾಕರಿಸಿತೇ ಹೊರತು ಕರ್ತವ್ಯವನ್ನಲ್ಲ. ನಿರಾಕರಣೆಯ ಮಾತು ವ್ಯಾಗ್ನರ್ ಕೋಟೆಯ ದಾಳಿಗಿಂತ ಮೊದಲೇ ಶುರುವಾಗಿತ್ತು. ಒಂದೋ ಪೂರ್ತಿ ಸಂಬಳ ಕೊಡಬೇಕು, ಇಲ್ಲವೇ ಪಡೆಯನ್ನು ಸೇವೆಯಿಂದ ಬಿಡುಗಡೆ ಮಾಡಬೇಕು ಎಂಬ ಅರ್ಥದ ಪತ್ರವನ್ನು ಶಾ ಜುಲೈ ಆರಂಭದಲ್ಲಿಯೇ ಗವರ್ನರರಿಗೆ ಬರೆದಿದ್ದರು. ಅಂಥ ಸ್ಥಿತಿಯಲ್ಲಿ ಅವರು ಏನು ಮಾಡಿದರೆಂದು ನೋಡಿ. ಜುಲೈ 16ರಂದು ಜೇಮ್ಸ್ ದ್ವೀಪದಲ್ಲಿ ಹೋರಾಡಿ, ಅಪಾಯಕ್ಕೆ ಸಿಲುಕಿದ್ದ 10ನೇ ಕನೆಕ್ಟಿಕಟ್ ರೆಜಿಮೆಂಟ್ ಪಾರಾಗಲು ನೆರವಾದರು. ಆ ರಾತ್ರಿ ಮಳೆಯಲ್ಲಿ ಜೌಗು ನೆಲದ ಮೇಲೆ ನಡೆದರು, ಸರಿಯಾಗಿ ಊಟವಿಲ್ಲ, ನಿದ್ದೆಯಿಲ್ಲ. 18ರ ಸಂಜೆ ಮಾರಿಸ್ ದ್ವೀಪಕ್ಕೆ ಬಂದಾಗ ಜನರಲ್ ಜಾರ್ಜ್ ಸ್ಟ್ರಾಂಗ್ ಮುಂಚೂಣಿಯ ಸ್ಥಾನವನ್ನು ಶಾ ಅವರ ಮುಂದಿಟ್ಟರು, ಶಾ ಒಪ್ಪಿಕೊಂಡರು.

ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಜೌಗು, ನಡುವೆ ಕಿರಿದಾದ ಮರಳ ಪಟ್ಟಿ. ದಾಳಿಗೆ ಇದ್ದದ್ದು ಅದೊಂದೇ ದಾರಿ. ದಿನವಿಡೀ ಫಿರಂಗಿ ದಾಳಿ ನಡೆದಿದ್ದರೂ ಕೋಟೆಯೊಳಗಿನವರು ಮರಳು ಮತ್ತು ಮರದ ದಿಮ್ಮಿಗಳಿಂದ ಕಟ್ಟಿದ ನೆಲಮಾಳಿಗೆಯಲ್ಲಿ ಸುರಕ್ಷಿತವಾಗಿದ್ದರು. ಸುಮಾರು 600 ಜನ ನುಗ್ಗಿದರು. ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು 270. ಹಿರಿಯ ಅಧಿಕಾರಿಗಳು ಒಬ್ಬೊಬ್ಬರಾಗಿ ಉರುಳಿದ ಮೇಲೆ ಉಳಿದವರನ್ನು ಒಟ್ಟುಗೂಡಿಸಿದ ಕ್ಯಾಪ್ಟನ್ ಲೂಯಿಸ್ ಎಮಿಲಿಯೋ ಅವರಿಗೆ ಆಗ 18 ವರ್ಷ. ಅನಂತರ ರೆಜಿಮೆಂಟಿನ ಇತಿಹಾಸವನ್ನು ಬರೆದು 1891ರಲ್ಲಿ ಪ್ರಕಟಿಸಿದವರೂ ಅವರೇ.

ಈಗ ಇನ್ನೊಂದು ರೆಜಿಮೆಂಟನ್ನು ನೋಡಿ. ದಕ್ಷಿಣ ಕೆರೊಲಿನಾದ 3ನೆಯ ಕಪ್ಪು ರೆಜಿಮೆಂಟಿನ ಸಾರ್ಜೆಂಟ್ ವಿಲಿಯಂ ವಾಕರ್ 1863ರ ನವೆಂಬರಿನಲ್ಲಿ ಇದೇ ಕಾರಣಕ್ಕೆ ತನ್ನ ಕಂಪನಿಯವರೊಂದಿಗೆ ಕರ್ನಲರ ಗುಡಾರದ ಮುಂದೆ ಬಂದೂಕುಗಳನ್ನು ಇಳಿಸಿ, ಇನ್ನು ಸೇವೆ ಮಾಡುವುದಿಲ್ಲವೆಂದರು. ಅವರನ್ನು ದಂಗೆಯ ಆರೋಪದ ಮೇಲೆ 1864ರ ಆರಂಭದಲ್ಲಿ ಗುಂಡಿಟ್ಟು ಕೊಂದರು. ಬೇಡಿಕೆ ಒಂದೇ ಆಗಿತ್ತು, ದಾರಿ ಬೇರೆಯಾಗಿತ್ತು. ಸೈನ್ಯದ ಕಾನೂನಿನಲ್ಲಿ ಆಯುಧ ಇಳಿಸುವುದಕ್ಕೂ ಹಣ ಬೇಡವೆನ್ನುವುದಕ್ಕೂ ಎಷ್ಟು ಅಂತರವಿದೆಯೆಂಬುದನ್ನು 54ನೆಯವರು ಅರಿತಿದ್ದರು.

ಕೃಷ್ಣಾತೀರ

ಸುಬೇದಾರ್ ಸಾಹೇಬರೇ, ವಾಕರ್ ಅವರ ಪ್ರಕರಣವನ್ನು ಜಾಣತನದ ವ್ಯತ್ಯಾಸವೆಂದು ಮಾತ್ರ ನೋಡುವುದು ಸರಿಯಲ್ಲ. 54ನೆಯವರ ಹಿಂದೆ ಪ್ರಭಾವಶಾಲಿ ಗವರ್ನರ್ ಇದ್ದರು, ಬಾಸ್ಟನ್ನಿನ ಪತ್ರಿಕೆಗಳಿದ್ದವು, ಅವರ ಪರವಾಗಿದ್ದ ಅಧಿಕಾರಿಗಳಿದ್ದರು. ವಾಕರ್ ಅವರ ಪಡೆಯಲ್ಲಿ ಹೆಚ್ಚಿನವರು ಆಗಷ್ಟೇ ಗುಲಾಮಗಿರಿಯಿಂದ ಹೊರಬಂದವರು, ಅವರ ಪರವಾಗಿ ಮಾತಾಡುವ ರಾಜ್ಯ ಸರ್ಕಾರವೇ ಇರಲಿಲ್ಲ.

ನಿವೃತ್ತ ಸುಬೇದಾರ್

ಆ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ.

ಪ್ರಶ್ನೆಗಾರ

ಅಮೆರಿಕದ ಸೇನೆಯ ಮೊಟ್ಟಮೊದಲ ಕಪ್ಪು ರೆಜಿಮೆಂಟ್ ಇದೇ ಅಲ್ಲವೇ?

ಶಾಸನಪ್ರೇಮಿ

ಅಲ್ಲ. ಈ ತಪ್ಪು ಎಲ್ಲೆಡೆ ಹರಡಿದೆ. 1ನೇ ಕ್ಯಾನ್ಸಾಸ್ ಕಪ್ಪು ರೆಜಿಮೆಂಟ್ 1862ರ ಅಕ್ಟೋಬರಿನಲ್ಲಿಯೇ ಮಿಸೌರಿಯ ಐಲ್ಯಾಂಡ್ ಮೌಂಡ್‌ನಲ್ಲಿ ಹೋರಾಡಿತ್ತು. ಲೂಯಿಸಿಯಾನಾದ ನೇಟಿವ್ ಗಾರ್ಡ್ಸ್ ಪಡೆಗಳು 1863ರ ಮೇ 27ರಂದು ಪೋರ್ಟ್ ಹಡ್ಸನ್ ಕೋಟೆಯ ಮೇಲೆ ದಾಳಿ ಮಾಡಿದ್ದವು. ಜೂನ್ 7ರಂದು ಮಿಲಿಕೆನ್ಸ್ ಬೆಂಡ್‌ನಲ್ಲಿ ಆಗಷ್ಟೇ ಗುಲಾಮಗಿರಿಯಿಂದ ಬಿಡುಗಡೆಯಾದ, ಸರಿಯಾದ ತರಬೇತಿಯೂ ಇಲ್ಲದ ಸೈನಿಕರು ಕೈಕೈ ಮಿಲಾಯಿಸಿ ಹೋರಾಡಿದರು. 54ನೆಯದು ಉತ್ತರದ ರಾಜ್ಯಗಳಲ್ಲಿ ಅಧಿಕೃತವಾಗಿ ಕಟ್ಟಿದ ಮೊದಲ ಕಪ್ಪು ರೆಜಿಮೆಂಟುಗಳಲ್ಲಿ ಒಂದು. ಬಾಸ್ಟನ್ನಿನ ಓದುಬರಹ ಬಲ್ಲ ಸಮಾಜದ ಬೆಂಬಲವಿದ್ದದ್ದರಿಂದ ಇದರ ಕಥೆ ಹೆಚ್ಚು ದೂರ ತಲುಪಿತು. ಯುದ್ಧ ಮುಗಿಯುವ ಹೊತ್ತಿಗೆ ಭೂಸೇನೆಯಲ್ಲಿ ಸೇವೆ ಸಲ್ಲಿಸಿದ ಕಪ್ಪು ಸೈನಿಕರ ಸಂಖ್ಯೆ ಸುಮಾರು 1,79,000. ಅವರಲ್ಲಿ ಹೆಚ್ಚಿನವರ ಹೆಸರು ಯಾವ ಶಿಲ್ಪದಲ್ಲಿಯೂ ಇಲ್ಲ.

ಬಾಸ್ಟನ್ ಕನ್ನಡತಿ

ಶಿಲ್ಪದ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ನಾನು ಕೆಲಸಕ್ಕೆ ಹೋಗುವ ದಾರಿಯಲ್ಲಿ, ಬೀಕನ್ ಸ್ಟ್ರೀಟಿನಲ್ಲಿ ರಾಜ್ಯ ಶಾಸನ ಭವನದ ಎದುರಿಗೆ, ಅಗಸ್ಟಸ್ ಸೇಂಟ್ ಗಾಡೆನ್ಸ್ ಅವರ ಕಂಚಿನ ಉಬ್ಬುಶಿಲ್ಪವಿದೆ. 1884ರಲ್ಲಿ ಒಪ್ಪಿಕೊಂಡ ಕೆಲಸವನ್ನು ಅವರು ಮುಗಿಸಿ, ಶಿಲ್ಪ ಅನಾವರಣಗೊಂಡದ್ದು 1897ರ ಮೇ 31ರಂದು. ಅದರಲ್ಲಿರುವುದು ಕೋಟೆಯ ದಾಳಿಯಲ್ಲ. 1863ರ ಮೇ 28ರಂದು ರೀಡ್‌ವಿಲ್ ಶಿಬಿರದ ತರಬೇತಿ ಮುಗಿಸಿದ ರೆಜಿಮೆಂಟ್ ಇದೇ ಬೀದಿಯಲ್ಲಿ ಹಡಗಿನ ಕಡೆಗೆ ನಡೆದ ದೃಶ್ಯ. ಶಾ ಕುದುರೆಯ ಮೇಲಿದ್ದಾರೆ, ಸೈನಿಕರು ಪಕ್ಕದಲ್ಲಿ ನಡೆಯುತ್ತಿದ್ದಾರೆ. ಒಬ್ಬೊಬ್ಬರ ಮುಖವೂ ಬೇರೆ ಬೇರೆ, ವಯಸ್ಸೂ ಬೇರೆ ಬೇರೆ. ಶಿಲ್ಪಿ ಜೀವಂತ ವ್ಯಕ್ತಿಗಳನ್ನು ಎದುರಿಗೆ ಕೂರಿಸಿಕೊಂಡು ಆ ಮುಖಗಳನ್ನು ರೂಪಿಸಿದರು. ಆದರೆ ಅವರು ಈ ರೆಜಿಮೆಂಟಿನವರಲ್ಲ.

ನನಗೆ ಅತ್ಯಂತ ಬೇಸರ ತರುವ ವಿಷಯವೆಂದರೆ, ಸ್ಮಾರಕದ ಮೇಲೆ ಸತ್ತ ಬಿಳಿಯ ಅಧಿಕಾರಿಗಳ ಹೆಸರುಗಳನ್ನು ಆಗಲೇ ಕೆತ್ತಿದ್ದರು, ವ್ಯಾಗ್ನರ್ ಕೋಟೆಯಲ್ಲಿ ಸತ್ತ ಕಪ್ಪು ಸೈನಿಕರ ಹೆಸರುಗಳನ್ನು ಹಿಂಬದಿಯಲ್ಲಿ ಸೇರಿಸಿದ್ದು 1980ರ ದಶಕದಲ್ಲಿ. ಅನಾವರಣದ ದಿನ ಸಾರ್ಜೆಂಟ್ ವಿಲಿಯಂ ಕಾರ್ನಿ ಅಲ್ಲಿ ಇದ್ದರು. ವರ್ಜೀನಿಯಾದಲ್ಲಿ ಗುಲಾಮನಾಗಿ ಹುಟ್ಟಿ, ನ್ಯೂ ಬೆಡ್‌ಫರ್ಡ್‌ನಲ್ಲಿ ಬೆಳೆದು ಸೇರಿದವರು ಅವರು. ಬಾವುಟ ಹಿಡಿದವನು ಬಿದ್ದಾಗ ಅದನ್ನು ಎತ್ತಿಕೊಂಡು, ಹಲವು ಗಾಯಗಳಾಗಿದ್ದರೂ ಹಿಂದಕ್ಕೆ ತಂದು, ಬಾವುಟ ನೆಲಕ್ಕೆ ತಾಗಲಿಲ್ಲವೆಂದು ಹೇಳಿದವರು. ಅವರಿಗೆ ಅಮೆರಿಕದ ಅತ್ಯುನ್ನತ ಶೌರ್ಯ ಪದಕವಾದ ಮೆಡಲ್ ಆಫ್ ಆನರ್ ಕೊಟ್ಟದ್ದು 1900ರಲ್ಲಿ, ಅಂದರೆ ಸುಮಾರು 37 ವರ್ಷಗಳ ಬಳಿಕ.

ಪ್ರಶ್ನೆಗಾರ

1989ರ ಹಾಲಿವುಡ್ ಚಿತ್ರದಲ್ಲಿ ಈ ಸೈನಿಕರಲ್ಲಿ ಬಹುತೇಕರು ಓಡಿಬಂದ ಗುಲಾಮರು ಎಂಬಂತೆ ತೋರಿಸಿದ್ದಾರೆ, ಒಬ್ಬನಿಗೆ ಚಾಟಿಯೇಟನ್ನೂ ಹೊಡೆಸುತ್ತಾರೆ. ಅದು ನಿಜವೇ?

ಶಾಸನಪ್ರೇಮಿ

ಎರಡೂ ನಿಜವಲ್ಲ. ಅಮೆರಿಕದ ಸೇನೆಯಲ್ಲಿ ಚಾಟಿಯೇಟಿನ ಶಿಕ್ಷೆಯನ್ನು 1861ರಲ್ಲಿಯೇ ರದ್ದು ಮಾಡಿದ್ದರು. ಇನ್ನು ರೆಜಿಮೆಂಟಿಗೆ ಸೇರಿದವರಲ್ಲಿ ಹೆಚ್ಚಿನವರು ಉತ್ತರದ ರಾಜ್ಯಗಳಲ್ಲಿ ಸ್ವತಂತ್ರರಾಗಿ ಬದುಕುತ್ತಿದ್ದವರು: ರೈತರು, ನಾವಿಕರು, ಕ್ಷೌರಿಕರು, ಕುಶಲಕರ್ಮಿಗಳು. ಮ್ಯಾಸಚೂಸೆಟ್ಸ್‌ನಲ್ಲಿ ಕಪ್ಪು ಜನಸಂಖ್ಯೆ ಚಿಕ್ಕದಾಗಿದ್ದರಿಂದ ಪೆನ್ಸಿಲ್ವೇನಿಯಾ, ನ್ಯೂಯಾರ್ಕ್, ಒಹಾಯೊ ಮೊದಲಾದ ರಾಜ್ಯಗಳಿಂದಲೂ ಕೆನಡಾದಿಂದಲೂ ಜನರನ್ನು ಕರೆತಂದರು. ಗುಲಾಮಗಿರಿಯ ವಿರುದ್ಧ ಹೋರಾಡಿದ ಕಪ್ಪು ನಾಯಕ ಫ್ರೆಡರಿಕ್ ಡಗ್ಲಸ್ ಊರೂರು ಸುತ್ತಿ ಕರೆ ಕೊಟ್ಟರು, ತಮ್ಮ ಇಬ್ಬರು ಮಕ್ಕಳಾದ ಲೂಯಿಸ್ ಮತ್ತು ಚಾರ್ಲ್ಸ್ ಅವರನ್ನು ಸೇರಿಸಿದರು. ಲೂಯಿಸ್ ಸಾರ್ಜೆಂಟ್ ಮೇಜರ್ ಆಗಿ ವ್ಯಾಗ್ನರ್ ದಾಳಿಯಲ್ಲಿದ್ದರು.

ಸಂಬಳದ ಪ್ರಶ್ನೆಗೂ ಇದಕ್ಕೂ ನೇರ ಸಂಬಂಧವಿದೆ. ಓದುಬರಹ ಬಲ್ಲವರು ಬಹಳ ಜನರಿದ್ದ ಪಡೆ ಇದು. ತಾವೇ ಪತ್ರಿಕೆಗಳಿಗೆ ಬರೆದು ತಮ್ಮ ವಾದವನ್ನು ಜನರ ಮುಂದಿಟ್ಟರು.

ಬಯಲುಸೀಮೆಯವನು

ಹಾಗೆ ಬರೆದವರಲ್ಲಿ ಕಾರ್ಪೊರಲ್ ಜೇಮ್ಸ್ ಹೆನ್ರಿ ಗುಡಿಂಗ್ ಅವರನ್ನು ನೆನೆಯದೆ ಈ ಚರ್ಚೆ ಪೂರ್ತಿಯಾಗದು. ತಿಮಿಂಗಿಲ ಬೇಟೆಯ ಹಡಗುಗಳಲ್ಲಿ ದುಡಿದಿದ್ದ ಅವರು ನ್ಯೂ ಬೆಡ್‌ಫರ್ಡ್‌ನ ಪತ್ರಿಕೆಗೆ ಶಿಬಿರದಿಂದ ನಿಯಮಿತವಾಗಿ ಪತ್ರ ಕಳಿಸುತ್ತಿದ್ದರು. 1863ರ ಸೆಪ್ಟೆಂಬರ್ 28ರಂದು ಮಾರಿಸ್ ದ್ವೀಪದಿಂದ ನೇರವಾಗಿ ಅಧ್ಯಕ್ಷ ಲಿಂಕನ್ನರಿಗೇ ಬರೆದರು. ನಾವು ಸೈನಿಕರೋ ಅಥವಾ ಕೂಲಿಗಳೋ ಎಂಬುದೇ ಮುಖ್ಯ ಪ್ರಶ್ನೆಯೆಂದು ಅವರು ಅಲ್ಲಿ ಕೇಳಿದ್ದಾರೆ. ಆ ಹೊತ್ತಿಗೆ ದಕ್ಷಿಣದವರು ವ್ಯಾಗ್ನರ್ ಕೋಟೆಯನ್ನು ಬಿಟ್ಟುಹೋಗಿದ್ದರು. ಅದಕ್ಕೆ ಕಾರಣವಾದ ಮುತ್ತಿಗೆಯ ಕಂದಕಗಳನ್ನು ಗುಂಡಿನ ಮಳೆಯಲ್ಲಿ ತೋಡಿದವರಲ್ಲಿ ಈ ರೆಜಿಮೆಂಟಿನವರೂ ಇದ್ದರು.

ಗುಡಿಂಗ್ ಅವರ ಕೈಗೆ ನ್ಯಾಯವಾದ ಸಂಬಳ ಬರಲೇ ಇಲ್ಲ. 1864ರ ಫೆಬ್ರವರಿ 20ರಂದು ಫ್ಲಾರಿಡಾದ ಒಲಸ್ಟೀ ಕದನದಲ್ಲಿ ಗಾಯಗೊಂಡು ಸೆರೆಸಿಕ್ಕರು, ಜುಲೈನಲ್ಲಿ ಆಂಡರ್ಸನ್‌ವಿಲ್ ಸೆರೆಶಿಬಿರದಲ್ಲಿ ತೀರಿಕೊಂಡರು. ಅದೇ ಒಲಸ್ಟೀಯಲ್ಲಿ ಅವರ ಜೊತೆಗಾರರು ಮ್ಯಾಸಚೂಸೆಟ್ಸ್‌ಗೆ ಜಯವಾಗಲಿ, ತಿಂಗಳಿಗೆ ಏಳು ಡಾಲರಿಗೆ ಜಯವಾಗಲಿ ಎಂಬ ಅರ್ಥದ ಕೂಗು ಹಾಕುತ್ತ ಮುನ್ನುಗ್ಗಿದರು. ಸೋತು ಹಿಂದೆ ಸರಿಯುವಾಗ ಗಾಯಾಳುಗಳಿದ್ದ ರೈಲಿನ ಎಂಜಿನ್ ಕೆಟ್ಟುನಿಂತಿತು. ಇವರು ಹಗ್ಗ ಕಟ್ಟಿ ಆ ಗಾಡಿಗಳನ್ನು ಮೈಲಿಗಟ್ಟಲೆ ಎಳೆದರು. ಒಂದು ಕಾಸೂ ಸಂಬಳವಿಲ್ಲದೆ ಒಂಬತ್ತು ತಿಂಗಳಿಗೂ ಹೆಚ್ಚು ಕಾಲ ಕಳೆದಿದ್ದವರು ಮಾಡಿದ ಕೆಲಸ ಇದು. ಇದನ್ನು ಹಠವೆಂದು ಕರೆಯುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ಕೊಡಗಿನವ

7ರ ಸಂಖ್ಯೆ ನೋಡಿ ಒಂದು ಮಾತು. ಈಸ್ಟ್ ಇಂಡಿಯಾ ಕಂಪನಿಯ ಸಿಪಾಯಿಗೂ ತಿಂಗಳಿಗೆ 7 ರೂಪಾಯಿಯೇ ಇತ್ತು. ಅಧಿಕಾರದ ವಿಷಯವೂ ಹಾಗೆಯೇ. ನಮ್ಮ ಊರಿನ ಕಾರ್ಯಪ್ಪನವರು 1919ರಲ್ಲಿ ಇಂದೋರಿನಲ್ಲಿ ತರಬೇತಿ ಪಡೆದು ಬ್ರಿಟಿಷ್ ಅಧಿಕಾರಿಗಳಿಗೆ ಸಿಗುತ್ತಿದ್ದ ಕಿಂಗ್ಸ್ ಕಮಿಷನ್ ಪಡೆದ ಮೊದಮೊದಲ ಭಾರತೀಯರಲ್ಲಿ ಒಬ್ಬರು. ಅದಕ್ಕೂ ಮೊದಲು ಎಷ್ಟೇ ಹಿರಿಯ ಸುಬೇದಾರನಾದರೂ ನಿನ್ನೆ ಬಂದ ಬಿಳಿಯ ಲೆಫ್ಟಿನೆಂಟನ ಕೆಳಗೇ ಇರಬೇಕಿತ್ತು.

ದಾವಣಗೆರೆಯ ಮಗಳು

ಹೋಲಿಕೆ ಒಂದು ಹಂತದವರೆಗೆ ಮಾತ್ರ ಸರಿ. ಕಂಪನಿಯ ಸಿಪಾಯಿ ಪರರ ಸರ್ಕಾರದ ನೌಕರನಾಗಿದ್ದ. 54ನೆಯವರು ತಮ್ಮದೇ ದೇಶದಲ್ಲಿ ಪೌರರೆಂದು ಒಪ್ಪಿಸಿಕೊಳ್ಳಲು ಹೋರಾಡುತ್ತಿದ್ದರು. ಆದರೆ ಅಧಿಕಾರದ ಮಾತು ನಿಜ. ಸಾರ್ಜೆಂಟ್ ಸ್ಟೀಫನ್ ಸ್ವೇಲ್ಸ್ ಅವರಿಗೆ ಗವರ್ನರ್ ಆಂಡ್ರ್ಯೂ 1864ರ ಮಾರ್ಚಿನಲ್ಲಿಯೇ ಸೆಕೆಂಡ್ ಲೆಫ್ಟಿನೆಂಟ್ ಹುದ್ದೆ ಕೊಟ್ಟರೂ, ಅವರ ಆಫ್ರಿಕನ್ ಮೂಲದ ಕಾರಣ ಹೇಳಿ ಯುದ್ಧ ಇಲಾಖೆಯು 1865ರ ಜನವರಿಯವರೆಗೆ ಅದನ್ನು ಒಪ್ಪಲಿಲ್ಲ.

ಬಾಸ್ಟನ್ ಕನ್ನಡತಿ

ಸೆರೆಸಿಕ್ಕವರ ಬಗ್ಗೆಯೂ ಬರೆಯಬೇಕು. ಕಪ್ಪು ಸೈನಿಕರನ್ನು ಮುನ್ನಡೆಸುವ ಬಿಳಿಯ ಅಧಿಕಾರಿಗಳಿಗೆ ಮರಣದಂಡನೆ, ಕಪ್ಪು ಸೈನಿಕರನ್ನು ಆಯಾ ರಾಜ್ಯಗಳ ಕೈಗೆ ಒಪ್ಪಿಸುವುದು ಎಂದು ದಕ್ಷಿಣದ ಸಂಸತ್ತಾದ ಕಾಂಗ್ರೆಸ್ 1863ರ ಮೇ ತಿಂಗಳಲ್ಲಿ ನಿರ್ಣಯ ಮಾಡಿತ್ತು. ವ್ಯಾಗ್ನರ್ ಕೋಟೆಯಲ್ಲಿ ಶಾ ಅವರನ್ನು ಅವಮಾನಿಸುವ ಉದ್ದೇಶದಿಂದಲೇ ಅವರ ಸೈನಿಕರೊಂದಿಗೆ ಒಂದೇ ಗುಂಡಿಯಲ್ಲಿ ಹೂಳಿದರೆಂದು ಉತ್ತರದವರು ನಂಬಿದ್ದರು. ಶವವನ್ನು ಅಲ್ಲಿಂದ ತೆಗೆಯಬೇಡಿ, ಅದೇ ಅವನಿಗೆ ತಕ್ಕ ಜಾಗವೆಂದು ಅವರ ತಂದೆ ತಿಳಿಸಿದರು. ಸೆರೆಸಿಕ್ಕ ಕೆಲವರನ್ನು ಚಾರ್ಲ್ಸ್‌ಟನ್ನಿನಲ್ಲಿ ಗುಲಾಮರ ದಂಗೆಯ ಕಾನೂನಿನಡಿ ವಿಚಾರಣೆಗೆ ನಿಲ್ಲಿಸಿದರು. ಅಲ್ಲಿನ ನ್ಯಾಯಾಲಯವು ಈ ವಿಷಯ ತನ್ನ ವ್ಯಾಪ್ತಿಗೆ ಬರುವುದಿಲ್ಲವೆಂದು ತೀರ್ಮಾನಿಸಿದ್ದರಿಂದ ಅವರು ನೇಣಿನಿಂದ ಉಳಿದರು.

ಬರ್ಮುಡಾ ಮೂಲದ ಸಾರ್ಜೆಂಟ್ ರಾಬರ್ಟ್ ಸಿಮನ್ಸ್ ಅವರ ಕಥೆ ಕೇಳಿದರೆ ಕರುಳು ಹಿಂಡುತ್ತದೆ. ಅವರು ವ್ಯಾಗ್ನರ್ ದಾಳಿಗೆ ಸಿದ್ಧರಾಗುತ್ತಿದ್ದ ಅದೇ ವಾರ ನ್ಯೂಯಾರ್ಕಿನಲ್ಲಿ ಕಡ್ಡಾಯ ಸೇನಾ ಭರ್ತಿಯ ವಿರುದ್ಧ ಎದ್ದ ಗಲಭೆಯಲ್ಲಿ ಬಿಳಿಯರ ಗುಂಪು ಅವರ ಚಿಕ್ಕ ವಯಸ್ಸಿನ ಸೋದರಳಿಯನನ್ನು ಕೊಂದಿತು. ಸಿಮನ್ಸ್ ಕೋಟೆಯಲ್ಲಿ ಗಾಯಗೊಂಡು ಸೆರೆಸಿಕ್ಕು, ತೋಳು ಕತ್ತರಿಸಿದ ಬಳಿಕ ಚಾರ್ಲ್ಸ್‌ಟನ್ನಿನಲ್ಲಿ ಸತ್ತರು.

ಮಲೆನಾಡಿನ ಓದುಗ

ಎಲ್ಲರಿಗೂ ಧನ್ಯವಾದಗಳು. ರಾಜ್ಯದ ಹಣವನ್ನು ಯಾಕೆ ಬೇಡವೆಂದರು ಎಂಬುದು ಈಗ ಸ್ಪಷ್ಟವಾಯಿತು. ಕೊನೆಗೆ ಹಣ ಬಂದದ್ದು ಹೇಗೆ? ಮನೆಯವರಿಗೆ ಅದು ತಲುಪಿತೇ?

ಶಾಸನಪ್ರೇಮಿ

1864ರ ಜೂನ್ 15ರಂದು ವಾಷಿಂಗ್ಟನ್ನಿನ ಕಾಂಗ್ರೆಸ್ ಸಮಾನ ಸಂಬಳದ ಕಾನೂನು ಮಾಡಿತು, ಆದರೆ ಅದರಲ್ಲಿಯೂ ಒಂದು ಕೊಕ್ಕೆ ಇಟ್ಟಿತು. 1861ರ ಏಪ್ರಿಲ್ 19ರಂದು ಸ್ವತಂತ್ರನಾಗಿದ್ದವನಿಗೆ ಮಾತ್ರ ಸೇರಿದ ದಿನದಿಂದ ಪೂರ್ತಿ ಬಾಕಿ. ಉಳಿದವರಿಗೆ 1864ರ ಜನವರಿ 1ರಿಂದ. ಅಂದರೆ ಒಂದೇ ಸಾಲಿನಲ್ಲಿ ನಿಂತು ಹೋರಾಡಿದ ಇಬ್ಬರಲ್ಲಿ ಹಿಂದೆ ಗುಲಾಮನಾಗಿದ್ದವನಿಗೆ ಕಡಿಮೆ. ಆಗ ಶಾ ಅವರ ಸ್ಥಾನದಲ್ಲಿದ್ದ ಕರ್ನಲ್ ಎಡ್ವರ್ಡ್ ಹ್ಯಾಲೊವೆಲ್ ಒಂದು ಪ್ರಮಾಣವಚನವನ್ನು ರೂಪಿಸಿದರು. ಅವರು ಗುಲಾಮಗಿರಿಯನ್ನು ವಿರೋಧಿಸುತ್ತಿದ್ದ ಕ್ವೇಕರ್ ಎಂಬ ಕ್ರೈಸ್ತ ಪಂಥದ ಮನೆತನದವರಾದ್ದರಿಂದ ಅದಕ್ಕೆ ಕ್ವೇಕರ್ ಪ್ರಮಾಣವೆಂದೇ ಹೆಸರು ಬಂತು. ಆ ದಿನದಂದು ಅಥವಾ ಅದಕ್ಕೂ ಮೊದಲು ನಿನ್ನ ದುಡಿಮೆಯನ್ನು ಬಿಟ್ಟಿಯಾಗಿ ಪಡೆಯುವ ಹಕ್ಕು ಯಾವನಿಗೂ ಇರಲಿಲ್ಲವೆಂದು ಪ್ರಮಾಣ ಮಾಡುತ್ತೀಯಾ ಎಂಬುದು ಅದರ ತಿರುಳು. ಗುಲಾಮಗಿರಿಯೇ ಅನ್ಯಾಯವೆಂದು ನಂಬಿದವನು, ಹಿಂದೆ ಗುಲಾಮನಾಗಿದ್ದರೂ, ಸುಳ್ಳಾಡದೆ ಆ ಪ್ರಮಾಣ ಮಾಡಬಹುದಿತ್ತು. ನನ್ನ ದೃಷ್ಟಿಯಲ್ಲಿ ಇಡೀ ಯುದ್ಧದ ಅತ್ಯಂತ ನ್ಯಾಯವಾದ ಕಾಗದಪತ್ರಗಳಲ್ಲಿ ಇದೂ ಒಂದು.

1864ರ ಶರತ್ಕಾಲದಲ್ಲಿ ಬಾಕಿ ಬಂತು. ರೆಜಿಮೆಂಟಿಗೆ ಹಂಚಿದ ಮೊತ್ತ ಸುಮಾರು 1,70,000 ಡಾಲರ್ ಎಂದು ಎಮಿಲಿಯೋ ದಾಖಲಿಸಿದ್ದಾರೆ, ಅದರಲ್ಲಿ ದೊಡ್ಡ ಪಾಲನ್ನು ಸೈನಿಕರು ಕೂಡಲೇ ಮನೆಗಳಿಗೆ ಕಳಿಸಿದರು.

ಕೃಷ್ಣಾತೀರ

ಆ ಹಣ ಬರುವಷ್ಟರಲ್ಲಿ ಗುಡಿಂಗ್ ಅವರಂಥ ಎಷ್ಟೋ ಜನ ಇರಲಿಲ್ಲ. ಕಾಯುವುದಕ್ಕೂ ಒಂದು ಬೆಲೆಯಿತ್ತು ಎಂಬ ನನ್ನ ಮಾತಿಗೆ ನಾನು ಈಗಲೂ ಬದ್ಧನಾಗಿದ್ದೇನೆ. ಆದರೆ ಅವರು ರಾಜ್ಯದ ಹಣ ಪಡೆದು ಸುಮ್ಮನಾಗಿದ್ದರೆ ಜೂನ್ 15ರ ಕಾನೂನು ಅಷ್ಟು ಬೇಗ ಬರುತ್ತಿರಲಿಲ್ಲ ಎಂಬುದನ್ನು ಒಪ್ಪುತ್ತೇನೆ.

ಬಯಲುಸೀಮೆಯವನು

ಸ್ವೇಲ್ಸ್ ಅವರು ಮುಂದೆ ಏನಾದರು?

ದಾವಣಗೆರೆಯ ಮಗಳು

ರೆಜಿಮೆಂಟನ್ನು 1865ರ ಆಗಸ್ಟ್ 20ರಂದು ಸೇವೆಯಿಂದ ಬಿಡುಗಡೆ ಮಾಡಿದ ಮೇಲೆ ಅವರು ದಕ್ಷಿಣ ಕೆರೊಲಿನಾದಲ್ಲಿಯೇ ಉಳಿದರು. ವಕೀಲರಾದರು, 1868ರಿಂದ ರಾಜ್ಯ ಸೆನೆಟ್ಟಿನಲ್ಲಿದ್ದರು, ಕಿಂಗ್ಸ್‌ಟ್ರೀ ಊರಿನ ಮೇಯರ್ ಕೂಡ ಆದರು. 1870ರ ದಶಕದ ಕೊನೆಗೆ ಬಿಳಿಯರು ಮತ್ತೆ ಅಧಿಕಾರ ಹಿಡಿದಾಗ ಕೊಲೆ ಬೆದರಿಕೆ ಹಾಕಿ ಅವರನ್ನು ಊರಿನಿಂದ ಓಡಿಸಿದರು.

ನಿವೃತ್ತ ಸುಬೇದಾರ್

ಸಂಬಳದ ಕಥೆಗೆ ಒಂದು ಸೇರ್ಪಡೆ. ಜೂನ್ 15ರ ಕಾನೂನು 1ನೇ ದಕ್ಷಿಣ ಕೆರೊಲಿನಾದಂಥ, ಗುಲಾಮಗಿರಿಯಿಂದ ಬಂದವರೇ ತುಂಬಿದ್ದ ರೆಜಿಮೆಂಟುಗಳಿಗೆ ಪೂರ್ತಿ ನ್ಯಾಯ ಕೊಡಲಿಲ್ಲ. ಸೇರುವಾಗ ಸಮಾನ ಸಂಬಳದ ಭರವಸೆ ಪಡೆದಿದ್ದ ಅಂಥ ಪಡೆಗಳಿಗೂ ಸೇರಿದ ದಿನದಿಂದ ಬಾಕಿ ಸಿಕ್ಕಿದ್ದು 1865ರ ಮಾರ್ಚ್ 3ರ ಕಾನೂನಿನಿಂದ. ಸಾರ್ಜೆಂಟ್ ವಾಕರ್ ಅವರನ್ನು ಗುಂಡಿಟ್ಟು ಕೊಂದು ಆಗಲೇ ಒಂದು ವರ್ಷವಾಗಿತ್ತು.